ಗಂಟು ಕಂಡ ಮೇಲೆ ರಜೆಗೆ ಕಾಯುವುದು ಬೇಡ

(ಸಂಘದ ಕುಟುಂಬ ಸಮ್ಮಿಲನದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಡಾಕ್ಟರ್ ಅಲ್ಲ. ಬಿ.ಕಾಂ. ಮುಗಿಸಿ ಮಂಗಳೂರಿನ ಒಂದು ಆಡಿಟರ್ ಆಫೀಸಿನಲ್ಲಿ ಸ್ವಲ್ಪ ಕಾಲ ಕೂತು, ಆಮೇಲೆ ಗಲ್ಫ್‌ಗೆ ಬಂದು ಕಂಪೆನಿಯ ಲೆಕ್ಕ ಬರೆಯುತ್ತಿರುವವನು. ಸ್ತನ ಕ್ಯಾನ್ಸರ್ ಬಗ್ಗೆ ನೀನು ಮಾತಾಡು ಅಂತ ಕಾರ್ಯದರ್ಶಿಯವರು ಹೇಳಿದಾಗ, ಬೇರೆ ಯಾರೂ ಸಿಗಲಿಲ್ಲವಾ ಅಂತ ಕೇಳಿದೆ. ಅವರು ಹೇಳಿದ ಕಾರಣ ಇಷ್ಟೇ: ಸಂಘದ ಚಿಕಿತ್ಸಾ ನೆರವಿನ ಫೈಲುಗಳು ಇರುವುದು ನನ್ನ ಕಪಾಟಿನಲ್ಲಿ. ಅದಕ್ಕೆ ಒಪ್ಪಿಕೊಂಡೆ. ವಿಷಯ ಓದಿಕೊಂಡಿದ್ದೇನೆ. ಇಲ್ಲಿ ನರ್ಸ್ ಆಗಿರುವ ಇಬ್ಬರು ಸಹೋದರಿಯರು ನಾನು ಬರೆದದ್ದನ್ನು ನೋಡಿ ತಿದ್ದಿಕೊಟ್ಟಿದ್ದಾರೆ. ಇನ್ನೊಂದು ಮಾತು. ಗಂಡಸರೂ ಹೆಂಗಸರೂ ಇರುವ ಸಭೆಯಲ್ಲಿ "ಸ್ತನ" ಎಂಬ ಶಬ್ದ ಹೇಳ್ಲಿಕ್ಕೆ ನಾಚಿಕೆಯಾಗ್ತದೆ, ನನಗೂ ಆಗ್ತದೆ. ಆದರೆ ಇವತ್ತು ಹತ್ತಿಪ್ಪತ್ತು ಸಲ ಹೇಳ್ತೇನೆ. ಆಮೇಲೆ ಅಭ್ಯಾಸ ಆಗ್ತದೆ.

ನಮ್ಮ ಫೈಲುಗಳಲ್ಲಿ ಒಂದನ್ನು ಮಾತ್ರ ಹೇಳ್ತೇನೆ, ಹೆಸರು ಊರು ಬೇಡ. ಒಬ್ಬಾಕೆಗೆ ಎಡಗಡೆಯಲ್ಲಿ ಅಡಿಕೆಯಷ್ಟು ದೊಡ್ಡ ಗಂಟು ಕೈಗೆ ಸಿಕ್ಕಿತು. ನೋವಿಲ್ಲ. ಗಂಡ ಇಲ್ಲಿ ಸೈಟಿನಲ್ಲಿ ಫೋರ್‌ಮನ್. ಫೋನಿನಲ್ಲಿ ಹೇಳಿದರೆ ಅವರಿಗೆ ತಲೆಬಿಸಿ, ರಜೆಯಲ್ಲಿ ಬಂದಾಗ ಒಟ್ಟಿಗೆ ಹೋಗುವ ಅಂತ ಸುಮ್ಮನಾದರು. ಅತ್ತೆಗೂ ಹೇಳಲಿಲ್ಲ. ರಜೆ ಬರುವಾಗ ಹನ್ನೊಂದು ತಿಂಗಳು. ಅಷ್ಟರಲ್ಲಿ ಕಂಕುಳಲ್ಲಿಯೂ ಗಂಟು, ಚರ್ಮ ಒಳಗೆ ಎಳೆದುಕೊಂಡಿತ್ತು. ಗಂಡ ನಮ್ಮ ಹತ್ತಿರ ಬಂದು ಕೂತು ಹೇಳಿದ್ದು ಒಂದೇ ಮಾತು: "ನನಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು." ಆಕೆ ದಿನಕ್ಕೆ ಎರಡು ಸಲ ಫೋನ್ ಮಾಡುತ್ತಿದ್ದರು. ಮಕ್ಕಳ ಫೀಸು, ಮನೆಯ ಸ್ಲ್ಯಾಬು, ತಂಗಿಯ ಮದುವೆ, ಎಲ್ಲ ಮಾತಾಡುತ್ತಿದ್ದರು. ಇದೊಂದನ್ನು ಬಿಟ್ಟು.

ಅವರ ಅರ್ಜಿಯ ಹಿಂದೆ ಮುಂದೆ ಇರುವ ಬಹಳಷ್ಟು ಫೈಲುಗಳಲ್ಲಿಯೂ ಇದೇ ತಡ ಕಾಣ್ತದೆ. ಇದು ನಮ್ಮವರ ಕಥೆ ಮಾತ್ರ ಅಲ್ಲ. 2022ರ ಅಂದಾಜಿನ ಪ್ರಕಾರ ಭಾರತದಲ್ಲಿ ಆ ಒಂದು ವರ್ಷದಲ್ಲಿ ಹೊಸದಾಗಿ ಸ್ತನ ಕ್ಯಾನ್ಸರ್ ಕಂಡದ್ದು ಸುಮಾರು 1.92 ಲಕ್ಷ ಮಹಿಳೆಯರಲ್ಲಿ, ತೀರಿಕೊಂಡವರು ಸುಮಾರು 98 ಸಾವಿರ. ಇಡೀ ಜಗತ್ತಿನಲ್ಲಿ ಕಂಡದ್ದು 23 ಲಕ್ಷ, ತೀರಿಕೊಂಡವರು 6.7 ಲಕ್ಷ. ಎರಡನ್ನೂ ಭಾಗಿಸಿ ನೋಡಿ. ನಮ್ಮ ದೇಶದಲ್ಲಿ ಎರಡಕ್ಕೆ ಒಂದು, ಜಗತ್ತಿನ ಲೆಕ್ಕದಲ್ಲಿ ಸುಮಾರು ಮೂರೂವರೆಗೆ ಒಂದು. ಕಾಯಿಲೆ ಒಂದೇ. ವ್ಯತ್ಯಾಸ ಬಂದದ್ದು ಯಾವ ಹಂತದಲ್ಲಿ ಆಸ್ಪತ್ರೆಗೆ ತಲುಪಿದರು, ಚಿಕಿತ್ಸೆ ಪೂರ್ತಿ ಸಿಕ್ಕಿತಾ ಎಂಬುದರಲ್ಲಿ.

ಈಗ ಸಂಶೋಧನೆಗೆ ಬರುವ. ಯಾವ ಚಿಕಿತ್ಸೆ ಒಳ್ಳೆಯದು ಅಂತ ಡಾಕ್ಟರಿಗೆ ಗೊತ್ತಾಗುವುದು ಹೇಗೆ? ಒಬ್ಬ ಡಾಕ್ಟರ್ "ನನ್ನ ಅನುಭವದಲ್ಲಿ" ಅಂದರೆ ಅದು ಒಬ್ಬ ಅಂಗಡಿಯವ "ವ್ಯಾಪಾರ ಚೆನ್ನಾಗಿದೆ" ಅಂದ ಹಾಗೆ. ಪುಸ್ತಕ ತೋರಿಸಬೇಕು. ಸಂಶೋಧನೆಯಲ್ಲಿ ಆ ಪುಸ್ತಕ ಇಡುವ ಕ್ರಮ ಹೀಗೆ: ಒಪ್ಪಿಗೆ ಕೊಟ್ಟ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ಹಳೆಯ ಚಿಕಿತ್ಸೆ, ಇನ್ನೊಂದಕ್ಕೆ ಹೊಸದು. ಯಾರು ಯಾವ ಗುಂಪಿಗೆ ಅಂತ ಡಾಕ್ಟರ್ ಆರಿಸುವ ಹಾಗಿಲ್ಲ. ಆಮೇಲೆ ಐದು ವರ್ಷ, ಹತ್ತು ವರ್ಷ, ಇಪ್ಪತ್ತು ವರ್ಷ ಲೆಕ್ಕ ಇಡುತ್ತಾರೆ. ಎಷ್ಟು ಜನ ಉಳಿದರು, ಎಷ್ಟು ಜನರಿಗೆ ಕಾಯಿಲೆ ಮರಳಿತು ಅಂತ.

ಮೊದಲು ನಮ್ಮ ದೇಶದ್ದು. 1998ರಲ್ಲಿ ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಅಲ್ಲಿನ ಬಡವರ ವಸತಿಗಳಲ್ಲಿ ಒಂದು ಪ್ರಯೋಗ ಶುರು ಮಾಡಿದರು. 35ರಿಂದ 64 ವರ್ಷದ 1,51,538 ಮಹಿಳೆಯರು. ಪ್ರದೇಶಗಳನ್ನು 20 ಭಾಗ ಮಾಡಿ, 10 ಭಾಗಗಳಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಸ್ತನ ಪರೀಕ್ಷೆ ಮಾಡಿದರು. ಮ್ಯಾಮೋಗ್ರಾಮ್ ಇಲ್ಲ, ಮೆಷಿನ್ ಇಲ್ಲ, ಬರೀ ಕೈ. ಮಾಡಿದವರು ಡಾಕ್ಟರೂ ಅಲ್ಲ. ಉಳಿದ 10 ಭಾಗಗಳಲ್ಲಿ ತಿಳುವಳಿಕೆ ಮಾತ್ರ ಕೊಟ್ಟರು. ಇಪ್ಪತ್ತು ವರ್ಷದ ಲೆಕ್ಕ 2021ರಲ್ಲಿ ಪ್ರಕಟವಾಯಿತು. ಕೈಯಿಂದ ಪರೀಕ್ಷೆ ಮಾಡಿದ ಕಡೆ ಮೂರನೆಯ, ನಾಲ್ಕನೆಯ ಹಂತದಲ್ಲಿ ಸಿಕ್ಕಿದ ಕ್ಯಾನ್ಸರ್ ಶೇ. 37, ಇನ್ನೊಂದು ಕಡೆ ಶೇ. 47. ಸಾವು ಒಟ್ಟಾರೆ ಶೇ. 15 ಕಡಿಮೆ, ಇದು ಆಕಸ್ಮಿಕ ಅಲ್ಲ ಎಂದು ಖಚಿತವಾಗಿ ಹೇಳುವಷ್ಟು ಅಲ್ಲ ಅಂತ ಅವರೇ ಬರೆದಿದ್ದಾರೆ. ಆದರೆ 50 ದಾಟಿದವರಲ್ಲಿ ಸಾವು ಸುಮಾರು ಶೇ. 30 ಕಡಿಮೆ, ಮತ್ತು ಅದು ಖಚಿತ. 50ರ ಕೆಳಗಿನವರಲ್ಲಿ ಸಾವು ಇಳಿಯಲಿಲ್ಲ. ನನಗೆ ಈ ಕೊನೆಯ ವಾಕ್ಯ ಇಷ್ಟ. ಲಾಭ ಇಲ್ಲದ ಕಡೆ ಲಾಭ ಇಲ್ಲ ಅಂತ ಬರೆದ ಬ್ಯಾಲೆನ್ಸ್ ಶೀಟನ್ನು ನಾನು ನಂಬ್ತೇನೆ.

ಇದರ ಅರ್ಥ ಊರಿನಲ್ಲಿರುವ ನಿಮ್ಮ ಉಮ್ಮನಿಗೆ, ಅತ್ತೆಗೆ, ದೊಡ್ಡಕ್ಕನಿಗೆ ಈ ಪರೀಕ್ಷೆ ಆಗಬೇಕು. ನಾವು ಸಾಮಾನ್ಯವಾಗಿ ಅವರ ಶುಗರ್, ಬಿ.ಪಿ. ಮಾತ್ರ ವಿಚಾರಿಸುತ್ತೇವೆ. ಸರ್ಕಾರದ ಕಾರ್ಯಕ್ರಮದಲ್ಲಿ 30 ದಾಟಿದ ಮಹಿಳೆಯರಿಗೆ ಸ್ತನ ಪರೀಕ್ಷೆ ಸೇರಿದೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಬಹುದು. ಮನೆಗೆ ಬರುವ ಆಶಾ ಕಾರ್ಯಕರ್ತೆಯನ್ನು ನಾವು ಪೋಲಿಯೋ ಹನಿಗೆ ಮಾತ್ರ ಒಳಗೆ ಕರೆಯುವುದು. ಆಕೆಯ ಹತ್ತಿರ ಇದನ್ನೂ ಕೇಳಲಿ. ಪರೀಕ್ಷೆ ಮಾಡುವುದು ಹೆಂಗಸರೇ, ಆದ್ದರಿಂದ ಆ ಸಂಕೋಚವೂ ಬೇಡ.

ಪ್ರಾಯ ಕಡಿಮೆ ಇರುವವರಿಗೆ ಹೀಗೆ ಗಂಟು ಹುಡುಕಿಕೊಂಡು ಹೋದದ್ದರಿಂದ ಪ್ರಯೋಜನ ಕಾಣಲಿಲ್ಲ ಅಂದೆ. ಹಾಗಂತ ಗಂಟು ತಾನಾಗಿ ಕೈಗೆ ಸಿಕ್ಕಿದರೆ ಸುಮ್ಮನಿರಿ ಅಂತ ಅರ್ಥ ಅಲ್ಲ. ಯಾವ ಪ್ರಾಯದಲ್ಲಿ ಸಿಕ್ಕಿದರೂ ತೋರಿಸಬೇಕು. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಆಗಿರುವುದಿಲ್ಲ. ಆದರೆ ನೋವಿಲ್ಲ ಅಂತ ಧೈರ್ಯ ತಂದುಕೊಳ್ಳಬೇಡಿ, ಕ್ಯಾನ್ಸರಿನ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ಸೂಜಿ ಹಾಕಿ ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡ್ತದೆ ಎನ್ನುವ ಮಾತು ನಮ್ಮಲ್ಲಿ ಬಹಳ ಉಂಟು. ಅದಕ್ಕೆ ಆಧಾರ ಇಲ್ಲ. ಬಯಾಪ್ಸಿ ಇಲ್ಲದೆ ಚಿಕಿತ್ಸೆ ಶುರು ಮಾಡುವುದು ವೋಚರ್ ಇಲ್ಲದೆ ಪೇಮೆಂಟ್ ಮಾಡಿದ ಹಾಗೆ.

ಇನ್ನೊಂದು ಮಾತು: "ನಾವು ನಾಲ್ಕು ಮಕ್ಕಳಿಗೆ ಹಾಲು ಕೊಟ್ಟವರು, ನಮಗೆ ಬರುವುದಿಲ್ಲ." 2002ರಲ್ಲಿ 30 ದೇಶಗಳ 47 ಅಧ್ಯಯನಗಳನ್ನು ಒಟ್ಟು ಮಾಡಿ ಲೆಕ್ಕ ಹಾಕಿದರು. ಹಾಲುಣಿಸಿದ ಪ್ರತಿ 12 ತಿಂಗಳಿಗೆ ಅಪಾಯ ಶೇ. 4.3ರಷ್ಟು ಇಳಿಯುತ್ತದೆ, ಪ್ರತಿ ಹೆರಿಗೆಗೆ ಇನ್ನೂ ಸ್ವಲ್ಪ. ಒಳ್ಳೆಯ ವಿಷಯವೇ. ಆದರೆ ಅದು ರಿಯಾಯಿತಿ, ಪೂರ್ತಿ ಮಾಫಿ ಅಲ್ಲ. ಮನೆತನದಲ್ಲಿ ಯಾರಿಗೂ ಇಲ್ಲ ಅಂತ ನೆಮ್ಮದಿಯಾಗಿರುವುದೂ ಹಾಗೆಯೇ. ವಂಶದಿಂದ ಬರುವುದು ನೂರರಲ್ಲಿ ಐದರಿಂದ ಹತ್ತು ಮಾತ್ರ.

ಆಪರೇಷನ್ ವಿಷಯ. ಹೆಂಗಸರು ಬಾಯಿ ಮುಚ್ಚಿ ಕೂರುವುದಕ್ಕೆ ದೊಡ್ಡ ಕಾರಣ ಇದೇ, ಪೂರ್ತಿ ತೆಗೀತಾರೆ ಎಂಬ ಹೆದರಿಕೆ. ಒಂದು ಕಾಲದಲ್ಲಿ ಅದು ನಿಜ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವಿಲಿಯಂ ಹಾಲ್‌ಸ್ಟೆಡ್ 1890ರ ದಶಕದಲ್ಲಿ ಶುರು ಮಾಡಿದ ಕ್ರಮದಲ್ಲಿ ಸ್ತನ, ಅದರ ಕೆಳಗಿನ ಎದೆಯ ಸ್ನಾಯು, ಕಂಕುಳಿನ ಗ್ರಂಥಿ ಎಲ್ಲ ತೆಗೆಯುತ್ತಿದ್ದರು. ಎಪ್ಪತ್ತು ಎಂಬತ್ತು ವರ್ಷ ಅದೇ ನಡೆಯಿತು, ಯಾರೂ ಪುಸ್ತಕ ತೆರೆದು ತಾಳೆ ನೋಡಲಿಲ್ಲ. 1970ರ ದಶಕದಲ್ಲಿ ಅಮೆರಿಕದ ಬರ್ನಾರ್ಡ್ ಫಿಶರ್, ಇಟಲಿಯ ಉಂಬರ್ಟೊ ವೆರೊನೇಸಿ ಇಬ್ಬರೂ ಬೇರೆಬೇರೆಯಾಗಿ ಚೀಟಿ ಎತ್ತುವ ಪ್ರಯೋಗಕ್ಕೆ ಇಳಿದರು. ಕೆಲವರಿಗೆ ಪೂರ್ತಿ ತೆಗೆಯುವುದು, ಕೆಲವರಿಗೆ ಗಂಟು ಮತ್ತು ಸುತ್ತಲಿನ ಸ್ವಲ್ಪ ಭಾಗ ಮಾತ್ರ. ಇಬ್ಬರ 20 ವರ್ಷದ ಲೆಕ್ಕವೂ 2002ರಲ್ಲಿ ಬಂತು. ಬದುಕಿ ಉಳಿಯುವ ವಿಷಯದಲ್ಲಿ ಎರಡಕ್ಕೂ ವ್ಯತ್ಯಾಸ ಇಲ್ಲ.

ಒಂದು ಷರತ್ತು ಉಂಟು, ಅದನ್ನು ಗಮನಿಸಿ. ಫಿಶರ್ ಅವರ ಪ್ರಯೋಗದಲ್ಲಿ ಗಂಟು ಮಾತ್ರ ತೆಗೆದು ರೇಡಿಯೇಷನ್ ಕೊಡದಿದ್ದವರಲ್ಲಿ ಶೇ. 39 ಜನರಿಗೆ ಅದೇ ಸ್ತನದಲ್ಲಿ ಕಾಯಿಲೆ ಮರಳಿತು. ರೇಡಿಯೇಷನ್ ತೆಗೆದುಕೊಂಡವರಲ್ಲಿ ಶೇ. 14. ಅಂದರೆ ಸಣ್ಣ ಆಪರೇಷನ್ ಮಾಡಿಸಿಕೊಂಡು "ಹೇಗೂ ಗುಣ ಆಯ್ತಲ್ಲ" ಅಂತ ರೇಡಿಯೇಷನ್ ಬಿಟ್ಟು ಮನೆಗೆ ಬಂದರೆ ಆ ಲೆಕ್ಕ ನಡೆಯುವುದಿಲ್ಲ. ಊರಿಂದ ಮಂಗಳೂರಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುವುದು ಕಷ್ಟ ಅಂತ ಬಿಟ್ಟವರಿದ್ದಾರೆ. ಬ್ರಿಟನ್ನಿನಲ್ಲಿ 4,096 ರೋಗಿಗಳ ಮೇಲೆ ಮಾಡಿದ ಪ್ರಯೋಗದ ಫಲಿತಾಂಶ 2020ರಲ್ಲಿ ಬಂದಿದೆ: ಮೂರು ವಾರದಲ್ಲಿ 15 ಸಲ ಕೊಡುವ ಬದಲು ಒಂದೇ ವಾರದಲ್ಲಿ 5 ಸಲ ಕೊಟ್ಟರೂ ಐದು ವರ್ಷದ ಕೊನೆಗೆ ಫಲ ಕಡಿಮೆ ಆಗಲಿಲ್ಲ. ಎಲ್ಲರಿಗೂ ಇದು ಹೊಂದುವುದಿಲ್ಲ. ಆದರೆ ದೂರದಿಂದ ಬರುವವರು, ನಮಗೆ ಕಡಿಮೆ ದಿನದ ಕ್ರಮ ಆಗ್ತದಾ ಅಂತ ಡಾಕ್ಟರ ಹತ್ತಿರ ಕೇಳುವುದರಲ್ಲಿ ತಪ್ಪಿಲ್ಲ.

ಫಿಶರ್ ಅವರ ಲೆಕ್ಕದಲ್ಲಿ ಒಂದು ಆಡಿಟ್ ಕಥೆಯೂ ಉಂಟು. ಮಾಂಟ್ರಿಯಾಲ್‌ನ ಆಸ್ಪತ್ರೆಯೊಂದರಿಂದ ಬಂದ ದಾಖಲೆಗಳಲ್ಲಿ ಒಬ್ಬಳೇ ರೋಗಿಯ ಒಂದೇ ಆಪರೇಷನ್ ವರದಿ ಎರಡು ಸಲ ಬಂದಿತ್ತು. ಎರಡೂ ಒಂದೇ, ತಾರೀಕು ಮಾತ್ರ ಬೇರೆ. ಒಂದೇ ಬಿಲ್ಲು, ಎರಡು ಡೇಟು! ಕೆದಕಿದಾಗ ಅಲ್ಲಿನ ಸರ್ಜನ್ 99 ರೋಗಿಗಳ ದಾಖಲೆಗಳನ್ನು ತಿದ್ದಿದ್ದು ಗೊತ್ತಾಯಿತು. 1994ರಲ್ಲಿ ಸುದ್ದಿ ಹೊರಬಿದ್ದಾಗ ಸಣ್ಣ ಆಪರೇಷನ್ ಮಾಡಿಸಿಕೊಂಡಿದ್ದ ಹೆಂಗಸರು ಗಾಬರಿಯಾದರು. ಆ ಆಸ್ಪತ್ರೆಯ ಎಲ್ಲ ರೋಗಿಗಳನ್ನು ಬಿಟ್ಟು ಲೆಕ್ಕವನ್ನು ಮತ್ತೆ ಮಾಡಿದರು. ಉತ್ತರ ಬದಲಾಗಲಿಲ್ಲ.

ಇದಕ್ಕಿಂತ ಕೆಟ್ಟ ಕಥೆ ಇನ್ನೊಂದು. ಇದನ್ನು ಸ್ವಲ್ಪ ವಿವರವಾಗಿ ಹೇಳ್ತೇನೆ, ಯಾಕೆಂದರೆ ಇದು ನಮ್ಮ ಕಲೆಕ್ಷನ್ ವ್ಯವಹಾರಕ್ಕೆ ಹತ್ತಿರ. 1990ರ ದಶಕದಲ್ಲಿ ಅಮೆರಿಕದಲ್ಲಿ, ಹರಡಿದ ಸ್ತನ ಕ್ಯಾನ್ಸರಿಗೆ ವಿಪರೀತ ಪ್ರಮಾಣದ ಕಿಮೋ ಕೊಟ್ಟು, ಆಮೇಲೆ ರೋಗಿಯ ಅಸ್ಥಿಮಜ್ಜೆಯನ್ನು ವಾಪಸು ಹಾಕುವ ಚಿಕಿತ್ಸೆ ಬಂತು. ಭಾರೀ ಖರ್ಚು, ಭಾರೀ ಯಾತನೆ, ಕೆಲವರು ಚಿಕಿತ್ಸೆಯಲ್ಲೇ ತೀರಿಕೊಂಡರು. ಚೀಟಿ ಎತ್ತುವ ಪ್ರಯೋಗದ ಫಲಿತಾಂಶ ಇನ್ನೂ ಬಂದಿರಲಿಲ್ಲ. ಆದರೂ ಇಷ್ಟು ದೊಡ್ಡ ಚಿಕಿತ್ಸೆ ಕೆಲಸ ಮಾಡದೆ ಇರ್ತದಾ ಅಂತ ಎಲ್ಲರೂ ನಂಬಿದರು. ಕ್ಯಾಲಿಫೋರ್ನಿಯಾದ ನೆಲೀನ್ ಫಾಕ್ಸ್ ಎಂಬ ತಾಯಿಗೆ ವಿಮಾ ಕಂಪೆನಿ ಹಣ ಕೊಡಲಿಲ್ಲ. ಮನೆಯವರು, ಊರವರು ಸೇರಿ ಹಣ ಸಂಗ್ರಹ ಮಾಡಿ ಚಿಕಿತ್ಸೆ ಕೊಡಿಸಿದರು. ಆಕೆ 1993ರಲ್ಲಿ ತೀರಿಕೊಂಡರು. ಅದೇ ವರ್ಷ ಕೋರ್ಟಿನ ಜ್ಯೂರಿ ವಿಮಾ ಕಂಪೆನಿಗೆ 8.9 ಕೋಟಿ ಡಾಲರ್ ದಂಡ ಹಾಕಿತು. ಆಮೇಲೆ ಬೇರೆ ವಿಮಾ ಕಂಪೆನಿಗಳೂ ಹೆದರಿ ಹಣ ಕೊಡಲು ಶುರು ಮಾಡಿದವು. ಸಾವಿರಾರು ಹೆಂಗಸರು ಈ ಚಿಕಿತ್ಸೆಗೆ ಹೋದರು.

1999ರಲ್ಲಿ ಪ್ರಯೋಗಗಳ ಫಲಿತಾಂಶ ಬಂತು. ಲಾಭ ಇಲ್ಲ. ಒಬ್ಬರ ಲೆಕ್ಕದಲ್ಲಿ ಮಾತ್ರ ದೊಡ್ಡ ಲಾಭ, ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ನ ವರ್ನರ್ ಬೆಜ್ವೋಡಾ ಎಂಬವರದ್ದು. ಎಲ್ಲ ಬ್ರಾಂಚಿನಲ್ಲಿ ನಷ್ಟ ಇರುವಾಗ ಒಂದೇ ಬ್ರಾಂಚಿನಲ್ಲಿ ಲಾಭ ಬಂದರೆ ನಾವು ಏನು ಮಾಡ್ತೇವೆ? ಟಿಕೆಟ್ ತೆಗೆದು ಅಲ್ಲಿಗೇ ಹೋಗ್ತೇವೆ. ಅವರೂ ಹಾಗೇ ಮಾಡಿದರು. 2000ದ ಜನವರಿಯಲ್ಲಿ ಅಮೆರಿಕದಿಂದ ತಂಡ ಹೋಗಿ ಫೈಲು ಕೇಳಿತು. ಅನೇಕ ರೋಗಿಗಳ ದಾಖಲೆ ಇಲ್ಲ, ಒಪ್ಪಿಗೆ ಪತ್ರ ಇಲ್ಲ, ಹೋಲಿಕೆಯ ಗುಂಪಿಗೆ ಕೊಟ್ಟೆ ಅಂದ ಔಷಧಿಯೇ ಬೇರೆ. ಆತ ವಿಶ್ವವಿದ್ಯಾಲಯ ಬಿಟ್ಟರು, ಆ ಚಿಕಿತ್ಸೆಯೂ ಮೂಲೆಗೆ ಹೋಯಿತು.

ಇದನ್ನು ಇಲ್ಲಿ ಯಾಕೆ ಹೇಳಿದೆ? ವಾಟ್ಸ್ಯಾಪಿನಲ್ಲಿ ಒಂದು ಫೋಟೊ ಬರ್ತದೆ, ಇಪ್ಪತ್ತು ಲಕ್ಷ ಬೇಕು, ಇಂಥ ದೊಡ್ಡ ಆಸ್ಪತ್ರೆಗೆ ಕೊಂಡುಹೋಗಬೇಕು ಅಂತ. ನಾವು ಓವರ್‌ಟೈಮ್ ದುಡ್ಡಿನಿಂದ ಐವತ್ತು, ನೂರು ರಿಯಾಲ್ ಹಾಕ್ತೇವೆ. ಹಾಕಬೇಕು, ಬೇಡ ಅನ್ನುವುದಿಲ್ಲ. ಆದರೆ ದೊಡ್ಡ ಬಿಲ್ಲೇ ಒಳ್ಳೆಯ ಚಿಕಿತ್ಸೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ ಕೂತಿದೆ, ಗಲ್ಫ್ ದುಡ್ಡಿನ ಒಂದು ರೋಗ ಅದು. ಪುಸ್ತಕ ನೋಡಿದರೆ ಬೇರೆ ಕಾಣ್ತದೆ. ಟಾಟಾ ಆಸ್ಪತ್ರೆಯ ಡಾ. ರಾಜೇಂದ್ರ ಬಡ್ವೆ ಮತ್ತು ಸಂಗಡಿಗರು ಭಾರತದ 11 ಕೇಂದ್ರಗಳಲ್ಲಿ 1,600 ಮಹಿಳೆಯರ ಮೇಲೆ ಮಾಡಿದ ಪ್ರಯೋಗ 2023ರಲ್ಲಿ ಪ್ರಕಟವಾಯಿತು. ಆಪರೇಷನ್‌ಗೆ ಏಳರಿಂದ ಹತ್ತು ನಿಮಿಷ ಮೊದಲು ಗಂಟಿನ ಸುತ್ತ ಲಿಡೋಕೇನ್ ಚುಚ್ಚುವುದು. ಹಲ್ಲು ಕೀಳುವಾಗ ಮರಗಟ್ಟಿಸುತ್ತಾರಲ್ಲ, ಅದೇ ಜಾತಿಯ ಔಷಧಿ. ಐದು ವರ್ಷದ ಕೊನೆಗೆ ಬದುಕಿದ್ದವರು ಚುಚ್ಚಿದ ಗುಂಪಿನಲ್ಲಿ ಶೇ. 90.1, ಚುಚ್ಚದ ಗುಂಪಿನಲ್ಲಿ ಶೇ. 86.4. ನೂರು ಮನೆಯಲ್ಲಿ ಮೂರು ನಾಲ್ಕು ಉಮ್ಮಂದಿರು ಹೆಚ್ಚು. ಇದು ಒಂದು ಪ್ರಯೋಗದ ಲೆಕ್ಕ, ಆಪರೇಷನ್ ಮೊದಲು ಆಗುವ ರೋಗಿಗಳಲ್ಲಿ ಮಾಡಿದ್ದು. ಸರ್ಜನ್ ಹತ್ತಿರ ಕೇಳಿ ನೋಡಬಹುದು. ಔಷಧಿಯ ಖರ್ಚು ನಮ್ಮ ಒಂದು ಊಟದಷ್ಟೂ ಇಲ್ಲ.

ಬಯಾಪ್ಸಿ ವರದಿಯಲ್ಲಿ ಮೂರು ಹೆಸರು ಇರ್ತದೆ: ಇ.ಆರ್., ಪಿ.ಆರ್., ಹರ್-ಟು. ವರದಿಯ ಫೋಟೊ ಕಳಿಸುವಾಗ ಈ ಪುಟವನ್ನೇ ಬಿಟ್ಟು ಬಿಲ್ಲಿನ ಪುಟ ಕಳಿಸುವವರು ಹೆಚ್ಚು! ಚಿಕಿತ್ಸೆಯ ದಾರಿ ತೀರ್ಮಾನ ಆಗುವುದು ಈ ಪುಟದಲ್ಲಿ. ಇ.ಆರ್. ಪಾಸಿಟಿವ್ ಇದ್ದರೆ ಟಾಮಾಕ್ಸಿಫೆನ್ ಅಥವಾ ಅದರಂಥ ಮಾತ್ರೆ, ಕಡಿಮೆ ಅಂದರೆ ಐದು ವರ್ಷ. ಐದು ವರ್ಷ ಟಾಮಾಕ್ಸಿಫೆನ್ ತಿಂದವರಲ್ಲಿ ಮುಂದಿನ ಹದಿನೈದು ವರ್ಷದ ಸಾವು ಸುಮಾರು ಮೂರನೇ ಒಂದು ಭಾಗ ಇಳಿಯುತ್ತದೆ ಅಂತ ಅನೇಕ ಪ್ರಯೋಗಗಳನ್ನು ಒಟ್ಟು ಮಾಡಿ 2011ರಲ್ಲಿ ತೋರಿಸಿದ್ದಾರೆ. ಅಗ್ಗದ ಮಾತ್ರೆ. ಆದರೆ ಮೈ ಬಿಸಿಯಾಗ್ತದೆ, ಬೆವರ್ತದೆ, ರಾತ್ರಿ ನಿದ್ದೆ ಇಲ್ಲ. ಒಂದೂವರೆ ವರ್ಷಕ್ಕೆ ಬೇಜಾರಾಗಿ ಬಿಟ್ಟುಬಿಡ್ತಾರೆ, ಗಂಡನಿಗೆ ಗೊತ್ತೇ ಆಗುವುದಿಲ್ಲ. ಬಿಡುವ ಮೊದಲು ಡಾಕ್ಟರಿಗೆ ಹೇಳಿದರೆ ಅವರ ಹತ್ತಿರ ಬೇರೆ ದಾರಿಗಳಿವೆ. ಹರ್-ಟು ಪಾಸಿಟಿವ್ ಇದ್ದವರಿಗೆ ಟ್ರಾಸ್ಟುಜುಮಾಬ್ ಎಂಬ ದುಬಾರಿ ಔಷಧಿ ಬೇಕು. ಅದಕ್ಕೆ ಸಮಾನವಾದ, ಕಡಿಮೆ ಬೆಲೆಯ ಔಷಧಿಯನ್ನು ಬೆಂಗಳೂರಿನ ಬಯೋಕಾನ್ 2014ರಲ್ಲೇ ಭಾರತದ ಮಾರುಕಟ್ಟೆಗೆ ತಂದಿದೆ. 2017ರಲ್ಲಿ ಅಮೆರಿಕದ ಔಷಧಿ ಇಲಾಖೆಯೂ ಒಪ್ಪಿದೆ. ಆದ್ದರಿಂದ "ಲೋಕಲ್ ಮಾಲು ಬೇಡ, ಫಾರಿನ್ನಿನದ್ದೇ ಬೇಕು" ಅಂತ ಇಲ್ಲಿಂದ ಹಟ ಹಿಡಿಯಬೇಡಿ.

ಚಿಕಿತ್ಸೆ ಮುಗಿದ ಮೇಲೆ ಮನೆಯೊಳಗಿನ ಜೀವನ ಉಂಟಲ್ಲ, ಅದರ ಬಗ್ಗೆಯೂ ಸಂಶೋಧನೆ ನಡೆದಿದೆ. ಕಂಕುಳಿನ ಗ್ರಂಥಿ ತೆಗೆದವರಿಗೆ ಕೆಲವೊಮ್ಮೆ ಕೈ ಬಾತುಕೊಳ್ತದೆ. ಆ ಕೈಯಲ್ಲಿ ಕೊಡಪಾನ ಎತ್ತಬೇಡ, ಮಗುವನ್ನು ಎತ್ತಬೇಡ ಅಂತ ಹೇಳಿ ಹೇಳಿ ಆಕೆಯನ್ನು ಮೂಲೆಯಲ್ಲಿ ಕೂರಿಸಿಬಿಡ್ತಾರೆ. ಅಮೆರಿಕದಲ್ಲಿ ಕೈ ಬಾತಿದ್ದ 141 ಮಹಿಳೆಯರನ್ನು ಎರಡು ಗುಂಪು ಮಾಡಿ ಒಂದು ಗುಂಪಿಗೆ ವಾರಕ್ಕೆ ಎರಡು ಸಲ, ಹಂತ ಹಂತವಾಗಿ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. 2009ರಲ್ಲಿ ಬಂದ ಫಲಿತಾಂಶ: ಬಾವು ಹೆಚ್ಚಲಿಲ್ಲ. ಬಾವು ಉಲ್ಬಣಿಸಿದ್ದು ಎತ್ತಿದವರಲ್ಲಿ ಶೇ. 14, ಎತ್ತದವರಲ್ಲಿ ಶೇ. 29. ತರಬೇತಿಯಲ್ಲಿ, ಕೈಗೆ ಒತ್ತುಪಟ್ಟಿ ಹಾಕಿ ಮಾಡಿದ್ದು ಇದು. ನಾಳೆಯೇ ಅಕ್ಕಿಮುಡಿ ಹೊರಿಸಬೇಡಿ. ಫಿಸಿಯೋಥೆರಪಿಯವರ ಹತ್ತಿರ ಕಲಿತು ಮಾಡಲಿ. ಮೊಮ್ಮಗುವನ್ನು ಎತ್ತಿಕೊಳ್ಳುವ ಕೈಯನ್ನು ನಾವಾಗಿ ಕಟ್ಟಿಹಾಕುವುದು ಬೇಡ.

ರೋಗಿಗೆ ಕಾಯಿಲೆಯ ಹೆಸರು ಹೇಳದೆ ಮುಚ್ಚಿಡುವುದು ನನಗೆ ಸರಿ ಕಾಣುವುದಿಲ್ಲ. ಕಿಮೋ ವಾರ್ಡಿನಲ್ಲಿ ಪಕ್ಕದ ಬೆಡ್ಡಿನವರು ಹೇಳಿಯೇ ಹೇಳ್ತಾರೆ. ಯಾವ ಆಪರೇಷನ್ ಅಂತ ತೀರ್ಮಾನಿಸುವಾಗ ಇಲ್ಲಿಂದ ಗಂಡ, ಅಲ್ಲಿಂದ ಮೈದುನ, ಕುವೈತಿನಿಂದ ಭಾವ, ಎಲ್ಲ ಕಾನ್ಫರೆನ್ಸ್ ಕಾಲಿನಲ್ಲಿ ಇರ್ತಾರೆ. ಆಕೆಯನ್ನು ಯಾರೂ ಕೇಳುವುದಿಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಆಕೆಯದ್ದು ಮಾರಾಯ್ರೆ, ಫೋನ್ ಆಕೆಯ ಕೈಗೆ ಕೊಡಿ.

ದುಡ್ಡಿನ ವಿಷಯ ಹೇಳಿ ಮುಗಿಸ್ತೇನೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎ.ಪಿ.ಎಲ್. ಕಾರ್ಡಿನವರಿಗೂ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಗಲ್ಫಿನಲ್ಲಿದ್ದೇವೆ, ನಮಗೆಲ್ಲಿ ಸಿಗ್ತದೆ ಅಂತ ಎ.ಪಿ.ಎಲ್.ನವರು ಕೇಳುವುದೇ ಇಲ್ಲ. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು, ನಮ್ಮ ಕಡೆಯವರಿಗೆ ವೆನ್ಲಾಕ್. ಅಡ್ಮಿಟ್ ಆಗಿ ಬಿಲ್ ಆದ ಮೇಲೆ ಓಡಿದರೆ ಕಷ್ಟ, ಮೊದಲೇ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕಾಣಬೇಕು.

ನಮ್ಮ ಸಂಘದ ನಿಧಿಯ ಬಗ್ಗೆ ಕಾರ್ಯಕಾರಿ ಸಮಿತಿಗೆ ಒಂದು ಸೂಚನೆ ಕೊಟ್ಟಿದ್ದೇನೆ, ಮುಂದಿನ ಸಭೆಯಲ್ಲಿ ಚರ್ಚೆಗೆ ಬರ್ತದೆ. ಈಗಿನ ನಿಯಮದಲ್ಲಿ ನೆರವು ಸಿಗುವುದು ಆಸ್ಪತ್ರೆಯ ಎಸ್ಟಿಮೇಟ್ ತಂದ ಮೇಲೆ. ಎಸ್ಟಿಮೇಟ್ ಸಿಗುವಾಗ ಕಾಯಿಲೆ ಎಲ್ಲಿಗೋ ಮುಟ್ಟಿರ್ತದೆ. ಅದರ ಜೊತೆಗೆ, ಗಂಟು ಕಂಡ ಸದಸ್ಯರ ಮನೆಯವರಿಗೆ ಸ್ಕ್ಯಾನ್, ಬಯಾಪ್ಸಿ ಮತ್ತು ಆಟೋ ಖರ್ಚನ್ನು ಯಾವ ಎಸ್ಟಿಮೇಟೂ ಕೇಳದೆ ಅದೇ ವಾರ ಕೊಡಬೇಕು. ಅರ್ಜಿಯನ್ನು ಊರಿಂದ ಆಕೆಯೇ ಕಳಿಸಬಹುದು, ಗಂಡನ ಸಹಿ ಬೇಡ. ಆ ಗಂಡನ ಸಹಿಯ ಮಾತಿಗೆ ಈಗಾಗಲೇ ಇಬ್ಬರು ಆಕ್ಷೇಪ ಎತ್ತಿದ್ದಾರೆ. ಅವರೂ ಇಲ್ಲಿ ಕೂತಿದ್ದಾರೆ, ಊಟ ಆದ ಮೇಲೆ ಮಾತಾಡುವ.

ಹೆಂಗಸರ ಹಾಲಿನಲ್ಲಿ ಆ ಇಬ್ಬರು ನರ್ಸ್ ಸಹೋದರಿಯರು ಇದ್ದಾರೆ, ಕೈಯಿಂದ ಪರೀಕ್ಷೆ ಹೇಗೆ ಅಂತ ತೋರಿಸಿಕೊಡ್ತಾರೆ. ಗಂಡಸರ ಪ್ರಶ್ನೆಗಳನ್ನು ನಾನು ಇಲ್ಲಿಯೇ ತಕೊಳ್ತೇನೆ, ಔಷಧಿಯ ಡೋಸು ಕೇಳುವುದೊಂದು ಬಿಟ್ಟು.